ಹುಟ್ಟುವ ಮುನ್ನ ನಡೆಸುವ ಪರೀಕ್ಷೆ: ಒಪ್ಪುವುದೋ, ಬಿಡುವುದೋ?



ತೋರಣಗಲ್ಲು, ಸಂಡೂರು, ಕಂಪ್ಲಿ, ಹೊಸಪೇಟೆಗಳ ಸುತ್ತಲಿನ ಹಳ್ಳಿಗಳ ಗರ್ಭಿಣಿಯರು ಪಟ್ಟಣದ ಆಸ್ಪತ್ರೆಗೆ ಹೋದಾಗ, ವೈದ್ಯರು ಸಾಮಾನ್ಯ ತಪಾಸಣೆಯ ಜೊತೆಗೆ ಇನ್ನೊಂದು ರಕ್ತಪರೀಕ್ಷೆಗೆ ಚೀಟಿ ಬರೆದುಕೊಡುವುದುಂಟು. ‘ಡಬಲ್ ಮಾರ್ಕರ್’ ಎಂದೋ ‘ಕ್ವಾಡ್ರುಪಲ್’ ಎಂದೋ ಅದರ ಹೆಸರಿರುತ್ತದೆ. ಡಾಕ್ಟರು ಬರೆದಿದ್ದಾರೆ, ಆದುದರಿಂದ ಮಾಡಿಸಲೇಬೇಕು ಎಂದು ತಿಳಿದು ದಂಪತಿಗಳು ಹಣ ಕಟ್ಟಿ, ರಕ್ತ ಕೊಟ್ಟು ಊರಿಗೆ ಮರಳುತ್ತಾರೆ. ಯಾವ ವಿಷಯವನ್ನು ತಿಳಿಯಲು ರಕ್ತ ಕೊಟ್ಟೆವೆಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಕೆಲವು ದಿನಗಳ ನಂತರ ಕಾಗದದ ಮೇಲೆ ‘ಹೈ ರಿಸ್ಕ್’ ಎಂಬ ಮಾತು ಬಂದಾಗ ಮನೆಯಲ್ಲಿ ಕಳವಳ ಹುಟ್ಟುತ್ತದೆ. ಹಿರಿಯರು ಒಂದು ಹೇಳುತ್ತಾರೆ, ನೆರೆಯವರು ಇನ್ನೊಂದು ಹೇಳುತ್ತಾರೆ, ಬಸುರಿ ಹೆಂಗಸಿನ ನಿದ್ದೆ ಕೆಡುತ್ತದೆ.

ಈ ಕಳವಳದ ಬಹುಭಾಗವನ್ನು ಮುಂಚಿತವಾಗಿ ತಿಳಿದುಕೊಳ್ಳುವುದರಿಂದ ತಪ್ಪಿಸಬಹುದು. ಕಬ್ಬಿಣದ ಮಾತ್ರೆಯನ್ನೂ ಧನುರ್ವಾಯುವಿನ ಚುಚ್ಚುಮದ್ದನ್ನೂ ಎಲ್ಲ ಗರ್ಭಿಣಿಯರೂ ತೆಗೆದುಕೊಳ್ಳಬೇಕು. ಈ ಪರೀಕ್ಷೆ ಆ ಜಾತಿಯದಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ಎಷ್ಟು ಎಂಬ ಒಂದು ಪ್ರಶ್ನೆಯನ್ನು ಇದು ಕೇಳುತ್ತದೆ. ಆ ಪ್ರಶ್ನೆಯನ್ನು ಕೇಳಬೇಕೆಂಬ ಇಚ್ಛೆ ನಿಮಗಿದ್ದರೆ ಕೇಳಬಹುದು, ಇಲ್ಲದಿದ್ದರೆ ಬಿಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ಸಾಮಾನ್ಯ ತಪಾಸಣೆಯಲ್ಲಿ ರಕ್ತದೊತ್ತಡ, ತೂಕ, ರಕ್ತಹೀನತೆ, ಮೂತ್ರ ಮೊದಲಾದವುಗಳ ಪರೀಕ್ಷೆಗಳು ಸೇರಿರುತ್ತವೆ. ಡೌನ್ ಸಿಂಡ್ರೋಮ್ ತಪಾಸಣೆ ಸಾಮಾನ್ಯವಾಗಿ ಸೇರಿರುವುದಿಲ್ಲ. ಆದುದರಿಂದ ಅದನ್ನು ಮಾಡಿಸದ ತಾಯಿ ತನ್ನ ಕರ್ತವ್ಯದಲ್ಲಿ ಲೋಪ ಮಾಡಿದಳೆಂದು ಯಾರೂ ಹೇಳುವಂತಿಲ್ಲ.

ಡೌನ್ ಸಿಂಡ್ರೋಮ್ ಎಂದರೇನು?

ನಮ್ಮ ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ವರ್ಣತಂತುಗಳೆಂಬ ಅತಿ ಸೂಕ್ಷ್ಮವಾದ ಎಳೆಗಳಿವೆ. ತಾಯಿಯಿಂದ ೨೩, ತಂದೆಯಿಂದ ೨೩, ಒಟ್ಟು ೪೬. ಕೆಲವು ಮಕ್ಕಳಲ್ಲಿ ೨೧ನೆಯ ವರ್ಣತಂತು ಎರಡರ ಬದಲು ಮೂರಾಗಿರುತ್ತದೆ. ಒಟ್ಟು ಸಂಖ್ಯೆ ೪೭ ಆಗುತ್ತದೆ. ಇದೇ ಡೌನ್ ಸಿಂಡ್ರೋಮ್. ೧೮೬೬ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಅವರಿಂದ ಈ ಹೆಸರು ಬಂದಿತು. ಹೆಚ್ಚುವರಿ ವರ್ಣತಂತುವೇ ಕಾರಣವೆಂಬುದು ೧೯೫೯ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿಗಳಿಂದ ತಿಳಿದುಬಂದಿತು. ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿ ಇಂತಹ ಮಕ್ಕಳಿಗೆ ಒಂದು ಜನಾಂಗದ ಹೆಸರನ್ನಿಟ್ಟು ಕರೆಯುತ್ತಿದ್ದರು. ಅದು ಆ ಜನಾಂಗಕ್ಕೂ ಮಕ್ಕಳಿಗೂ ಅವಮಾನವೆಂದು ಕೈಬಿಡಲಾಗಿದೆ.

ಈ ಹೆಚ್ಚುವರಿ ಎಳೆ ಬಹುತೇಕ ತಾಯಿಯ ಅಂಡಾಣು ರೂಪುಗೊಳ್ಳುವಾಗ, ಕೆಲವೊಮ್ಮೆ ತಂದೆಯ ವೀರ್ಯಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಉಳಿದುಬಿಡುತ್ತದೆ. ಅಂದರೆ ಗರ್ಭ ನಿಲ್ಲುವ ಹೊತ್ತಿಗೇ ಆಗಬೇಕಾದುದು ಆಗಿಹೋಗಿರುತ್ತದೆ. ಬಸುರಿಯಾದ ಮೇಲೆ ಗ್ರಹಣ ನೋಡಿದುದರಿಂದ, ಪಪಾಯಿ ತಿಂದುದರಿಂದ, ನೀರಿನ ಕೊಡ ಹೊತ್ತುದರಿಂದ ಇದು ಬರುವುದಿಲ್ಲ. ಗಣಿಯ ಕೆಂಪು ಧೂಳು ಎದೆಗೆ ಕೇಡೆಂಬುದು ನಿಜವೇ ಆದರೂ ಅದರಿಂದ ಡೌನ್ ಸಿಂಡ್ರೋಮ್ ಬರುತ್ತದೆಂಬ ಮಾತಿಗೆ ಆಧಾರವಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ಭಾಗದಲ್ಲಿ ಇದೆಯಷ್ಟೆ. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚುತ್ತದೆ. ಡೌನ್ ಸಿಂಡ್ರೋಮಿಗೆ ಅದು ಮುಖ್ಯ ಕಾರಣವಲ್ಲ. ಹೀಗಿರುವಾಗ ಸೊಸೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ನೂರು ಮಕ್ಕಳಲ್ಲಿ ಮೂರು ನಾಲ್ಕು ಮಕ್ಕಳಿಗೆ ಮಾತ್ರ ಇದು ಬೇರೊಂದು ಬಗೆಯಲ್ಲಿ ಬಂದಿರುತ್ತದೆ. ಆ ಬಗೆಯಲ್ಲಿ ತಾಯಿ ಅಥವಾ ತಂದೆಯ ವರ್ಣತಂತುಗಳ ಜೋಡಣೆಯೇ ಕಾರಣವಾಗಿರಬಹುದು. ಆದುದರಿಂದ ಮೊದಲ ಮಗುವಿಗೆ ಡೌನ್ ಸಿಂಡ್ರೋಮ್ ಇದ್ದ ದಂಪತಿಗಳು ಮುಂದಿನ ಗರ್ಭಧಾರಣೆಗೆ ಮುಂಚೆಯೇ ಆ ಮಗುವಿನ ರಕ್ತದ ವರ್ಣತಂತು ಪರೀಕ್ಷೆ ಮಾಡಿಸಿ, ಆನುವಂಶಿಕ ರೋಗತಜ್ಞರ ಸಲಹೆ ಪಡೆಯತಕ್ಕದ್ದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಮೊದಲಾದೆಡೆ ಇಂತಹ ತಜ್ಞರಿದ್ದಾರೆ.

ತಾಯಿಯ ವಯಸ್ಸು ಏರಿದಂತೆ ಸಂಭವ ಏರುತ್ತದೆ. ೨೦ರ ವಯಸ್ಸಿನಲ್ಲಿ ಸುಮಾರು ೧೫೦೦ ಹೆರಿಗೆಗಳಿಗೆ ಒಂದು. ೩೦ರಲ್ಲಿ ಸುಮಾರು ೯೦೦ಕ್ಕೆ ಒಂದು. ೩೫ರಲ್ಲಿ ಸುಮಾರು ೩೫೦ಕ್ಕೆ ಒಂದು. ೪೦ರಲ್ಲಿ ಸುಮಾರು ೧೦೦ಕ್ಕೆ ಒಂದು. ಹಾಗೆಂದು ಚಿಕ್ಕ ವಯಸ್ಸಿನ ತಾಯಂದಿರಿಗೆ ಇದು ಬರುವುದೇ ಇಲ್ಲವೆಂದಲ್ಲ. ಹೆಚ್ಚು ಹೆರಿಗೆಗಳು ಆಗುವುದು ಚಿಕ್ಕ ವಯಸ್ಸಿನಲ್ಲಿಯೇ ಆದುದರಿಂದ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರು ೩೫ ತುಂಬದ ತಾಯಂದಿರ ಮಕ್ಕಳೇ ಆಗಿರುತ್ತಾರೆ.

ಮಗು ಹೇಗಿರುತ್ತದೆ? ತೀರ್ಮಾನಕ್ಕೆ ಇದೇ ಮೂಲವಾದರೂ ಜನರು ಇದನ್ನೇ ಕೇಳಲು ಮರೆಯುತ್ತಾರೆ. ಮಗುವಿನ ಮೈ ಮೆತ್ತಗಿರುತ್ತದೆ. ಕುಳಿತುಕೊಳ್ಳುವುದು, ನಡೆಯುವುದು, ಮಾತು ಎಲ್ಲವೂ ತಡವಾಗಿ ಬರುತ್ತವೆ. ಕಲಿಕೆ ನಿಧಾನ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ದೋಷವಿರುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ಇಂದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಕಿವಿ, ಕಣ್ಣು, ಥೈರಾಯಿಡ್ ಗ್ರಂಥಿಯ ತೊಂದರೆಗಳೂ ಬರಬಹುದು. ಇನ್ನೊಂದು ಕಡೆ, ಇಂತಹ ಮಕ್ಕಳು ತಂದೆತಾಯಿಯರನ್ನು ಗುರುತಿಸುತ್ತಾರೆ, ನಗುತ್ತಾರೆ, ಶಾಲೆಗೆ ಹೋಗುತ್ತಾರೆ. ಬೆಳೆದ ಮೇಲೆ ಅನೇಕರು ತಮ್ಮ ಸ್ನಾನ ಊಟಗಳನ್ನು ತಾವೇ ನೋಡಿಕೊಂಡು ಮನೆಯ ಕೆಲಸಗಳಲ್ಲಿ ನೆರವಾಗುತ್ತಾರೆ, ಕೆಲವರು ದುಡಿಯುವುದೂ ಉಂಟು. ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿ ಅವರ ಸರಾಸರಿ ಆಯುಸ್ಸು ಸುಮಾರು ೬೦ ವರ್ಷಗಳಿಗೆ ಮುಟ್ಟಿದೆ. ಒಂದು ಮಗುವಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿರುತ್ತದೆ. ಡೌನ್ ಸಿಂಡ್ರೋಮ್ ಇದೆಯೋ ಇಲ್ಲವೋ ಎಂಬುದನ್ನು ಗರ್ಭದಲ್ಲಿಯೇ ತಿಳಿಯಬಹುದು. ಮಗು ಎಷ್ಟು ಕಲಿತೀತು, ಎಷ್ಟು ಸ್ವತಂತ್ರವಾಗಿ ಬಾಳೀತು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು.

ಪರೀಕ್ಷೆ ಎಷ್ಟನ್ನು ಹೇಳುತ್ತದೆ?

ಇಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಮೊದಲನೆಯದು ತಪಾಸಣೆ, ಇದು ಜರಡಿ ಹಿಡಿದಂತೆ, ಸಂಭವ ಹೆಚ್ಚಿರುವವರನ್ನು ಬೇರ್ಪಡಿಸುತ್ತದೆ, ಅಷ್ಟೇ. ಎರಡನೆಯದು ಖಚಿತ ಪರೀಕ್ಷೆ.

ತಪಾಸಣೆಗಳಲ್ಲಿ ಮುಖ್ಯವಾದುದು ಗರ್ಭದ ೧೧ ವಾರ ತುಂಬಿದಂದಿನಿಂದ ೧೪ನೆಯ ವಾರ ತುಂಬುವುದರೊಳಗೆ ನಡೆಯುತ್ತದೆ. ಸ್ಕ್ಯಾನಿಂಗಿನಲ್ಲಿ ಶಿಶುವಿನ ಕತ್ತಿನ ಹಿಂಭಾಗದ ಚರ್ಮದಡಿ ಸೇರಿದ ನೀರಿನ ದಪ್ಪವನ್ನು ಅಳೆಯುತ್ತಾರೆ. ತಾಯಿಯ ರಕ್ತದಲ್ಲಿ ಎರಡು ವಸ್ತುಗಳನ್ನು ಅಳೆಯುತ್ತಾರೆ. ತಾಯಿಯ ವಯಸ್ಸನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಡೌನ್ ಸಿಂಡ್ರೋಮ್ ಇರುವ ಹತ್ತು ಶಿಶುಗಳಲ್ಲಿ ಎಂಟು ಒಂಬತ್ತು ಈ ಜರಡಿಗೆ ಸಿಗುತ್ತವೆ, ಒಂದೆರಡು ಜಾರಿಹೋಗುತ್ತವೆ. ಈ ಕಾಲ ಮೀರಿದವರಿಗೆ ೧೫ರಿಂದ ೨೦ ವಾರಗಳ ನಡುವೆ ನಾಲ್ಕು ವಸ್ತುಗಳನ್ನು ಅಳೆಯುವ ರಕ್ತಪರೀಕ್ಷೆಯಿದೆ. ಅದು ಹತ್ತರಲ್ಲಿ ಸುಮಾರು ಎಂಟನ್ನು ಹಿಡಿಯುತ್ತದೆ. ಈಚಿನ ವರ್ಷಗಳಲ್ಲಿ ಮೂರನೆಯ ಪರೀಕ್ಷೆಯೊಂದು ಬಂದಿದೆ. ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಡಿ.ಎನ್.ಎ. ತುಣುಕುಗಳನ್ನು ೧೦ನೆಯ ವಾರದ ನಂತರ ಪರೀಕ್ಷಿಸುತ್ತಾರೆ. ನೂರರಲ್ಲಿ ೯೯ನ್ನು ಇದು ಗುರುತಿಸುತ್ತದೆ. ಆದರೆ ಖಾಸಗಿ ಪ್ರಯೋಗಾಲಯಗಳಲ್ಲಿ ಇದರ ಬೆಲೆ ಹಲವು ಸಾವಿರ ರೂಪಾಯಿ. ಕೂಲಿಯ ಕುಟುಂಬಕ್ಕೆ ತಿಂಗಳ ದುಡಿಮೆಯೇ ಹೋದೀತು. ಇಷ್ಟಾದರೂ ಇದೂ ಜರಡಿಯೇ, ಖಚಿತ ಪರೀಕ್ಷೆಯಲ್ಲ.

‘ಹೈ ರಿಸ್ಕ್, ೨೫೦ಕ್ಕೆ ೧’ ಎಂದು ಕಾಗದದಲ್ಲಿ ಬಂದಿತೆನ್ನಿ. ಇದರ ಅರ್ಥವೇನು? ಹಂಪಿಯ ವಿರೂಪಾಕ್ಷ ಗುಡಿಯ ಅಂಗಳದಲ್ಲಿ ೨೫೦ ಮಂದಿ ಗರ್ಭಿಣಿಯರು ಕುಳಿತಿದ್ದಾರೆಂದು ಭಾವಿಸಿರಿ. ಎಲ್ಲರ ಕೈಯಲ್ಲಿಯೂ ಇದೇ ಕಾಗದವಿದೆ. ಅವರಲ್ಲಿ ೨೪೯ ಮಂದಿಯ ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಒಬ್ಬಳ ಮಗುವಿಗೆ ಇರುತ್ತದೆ. ಆ ಒಬ್ಬಳು ಯಾರೆಂಬುದನ್ನು ಕಾಗದ ಹೇಳದು. ರಕ್ತ ಮತ್ತು ಸ್ಕ್ಯಾನಿಂಗಿನ ತಪಾಸಣೆಗೆ ಬರುವ ನೂರು ಗರ್ಭಿಣಿಯರಲ್ಲಿ ಸುಮಾರು ಐವರಿಗೆ ‘ಹೈ ರಿಸ್ಕ್’ ಎಂದೇ ಬರುತ್ತದೆ. ಅವರಲ್ಲಿ ಬಹುಪಾಲು ಮಂದಿಯ ಮಕ್ಕಳು ಡೌನ್ ಸಿಂಡ್ರೋಮ್ ಇಲ್ಲದೆ ಹುಟ್ಟುತ್ತವೆ. ಹಾಗೆಯೇ ‘ಲೋ ರಿಸ್ಕ್’ ಎಂಬುದು ಸಂಭವ ಕಡಿಮೆಯೆಂಬ ಮಾತು. ಇಲ್ಲವೇ ಇಲ್ಲವೆಂಬ ವಾಗ್ದಾನವಲ್ಲ. ಈ ಕಾಗದವೊಂದನ್ನೇ ನಂಬಿ ಯಾರೂ ಗರ್ಭಪಾತಕ್ಕೆ ಹೊರಡಬಾರದು. ಹೊರಡುವಂತೆ ಹೇಳುವವರ ಮಾತನ್ನು ಕೇಳಲೂಬಾರದು.

ಖಚಿತ ಪರೀಕ್ಷೆಯಲ್ಲಿ ಸ್ಕ್ಯಾನಿಂಗ್ ನೋಡುತ್ತ ತಾಯಿಯ ಹೊಟ್ಟೆಯ ಮೂಲಕ ತೆಳುವಾದ ಸೂಜಿ ಹಾಕಿ, ೧೫ ವಾರಗಳು ತುಂಬಿದ ಮೇಲೆ ಶಿಶುವಿನ ಸುತ್ತಲಿನ ಗರ್ಭಜಲವನ್ನು ಸ್ವಲ್ಪ ತೆಗೆಯುತ್ತಾರೆ; ಇಲ್ಲವೇ ೧೧ರಿಂದ ೧೪ ವಾರಗಳಲ್ಲಿ ಮಾಸಿನ ಒಂದು ಚೂರನ್ನು ತೆಗೆಯುತ್ತಾರೆ. ಅದರಲ್ಲಿ ವರ್ಣತಂತುಗಳನ್ನೇ ಎಣಿಸುವುದರಿಂದ ಉತ್ತರ ಸ್ಪಷ್ಟ. ಆದರೆ ಸೂಜಿಯ ಕಾರಣದಿಂದ ಗರ್ಭ ಇಳಿದುಹೋಗುವ ಸಣ್ಣ ಅಪಾಯವುಂಟು. ನುರಿತ ಕೈಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಬಹುಕಾಲ ಮಕ್ಕಳಾಗದೆ ಗರ್ಭ ಧರಿಸಿದ ಹೆಂಗಸಿಗೆ ಈ ಸಣ್ಣ ಅಪಾಯವೇ ದೊಡ್ಡದಾಗಿ ಕಾಣಬಹುದು. ಹಾಗೆ ಕಾಣುವುದು ತಪ್ಪಲ್ಲ.

ಕಾಲದ ಲೆಕ್ಕ

ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆ ಹೇಳಬಾರದೆಂಬ ರೂಢಿಯಿದೆ. ದೃಷ್ಟಿಯಾಗುತ್ತದೆಂಬ ಭಯ. ಕುಬುಸದ ಹೊತ್ತಿಗೆ ಊರಿಗೆಲ್ಲ ತಿಳಿಯುತ್ತದೆ. ನೆಂಟರಿಗೆ ಹೇಳದಿರುವುದು ನಿಮ್ಮ ಇಚ್ಛೆ. ಆದರೆ ಆಶಾ ಕಾರ್ಯಕರ್ತೆಗೂ ಆರೋಗ್ಯ ಸಹಾಯಕಿಗೂ ಹೇಳದೆ ಉಳಿದರೆ ಈ ಪರೀಕ್ಷೆಯ ಸಕಾಲ ಕೈತಪ್ಪಿಹೋಗುತ್ತದೆ. ಮುಟ್ಟು ನಿಂತ ಕೂಡಲೇ ಹೆಸರು ನೋಂದಾಯಿಸಿ ತಾಯಿ ಕಾರ್ಡನ್ನು ಪಡೆಯಿರಿ.

ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾರೀಖು ನೆನಪಿರದವರು ಹಬ್ಬಹುಣ್ಣಿಮೆಗಳಿಂದ ಲೆಕ್ಕ ಹಿಡಿಯಬಹುದು. ನಮ್ಮ ತಾಯಂದಿರಿಗೆ ಈ ಲೆಕ್ಕ ತಾರೀಖಿಗಿಂತ ಚೆನ್ನಾಗಿ ಗೊತ್ತು. ಯುಗಾದಿಯ ದಿನ ಮುಟ್ಟಾದ ಹೆಂಗಸು ಆ ಸಲವೇ ಗರ್ಭಿಣಿಯಾದಳೆನ್ನಿ. ಆಕೆಗೆ ಕಾರಹುಣ್ಣಿಮೆ ಕಳೆದ ಮೂರು ನಾಲ್ಕು ದಿನಗಳಿಗೆ ೧೧ ವಾರ ತುಂಬುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಹನ್ನೆರಡೂವರೆ ವಾರ. ಆ ಅಮಾವಾಸ್ಯೆ ಕಳೆದು ಒಂದು ವಾರದೊಳಗೆ ಮೊದಲ ತಪಾಸಣೆಯನ್ನು ಮುಗಿಸಬೇಕು. ನಡುವೆ ಅಧಿಕ ಮಾಸ ಬಂದ ವರ್ಷದಲ್ಲಿ ಈ ಲೆಕ್ಕ ಹೊಂದುವುದಿಲ್ಲ, ಆಗ ದಿನಗಳನ್ನೇ ಎಣಿಸಬೇಕು. ಅದು ಬಿತ್ತನೆಯ ಕಾಲ, ಹೊಲದ ಕೆಲಸ ಬಿಡಲಾಗದು ಎಂಬುದು ನಿಜ. ಆದರೂ ಒಂದು ದಿನವನ್ನು ತೆಗೆದಿಡಿರಿ. ಎರಡನೆಯ ತಪಾಸಣೆಯನ್ನು ೧೮, ೧೯ ವಾರಗಳಲ್ಲಿ ಮಾಡಿಸಿ, ಅದರ ನಂತರ ಗರ್ಭಜಲ ಪರೀಕ್ಷೆಗೆ ಹೋಗಿ, ವರ್ಣತಂತುಗಳ ಪೂರ್ಣ ವರದಿಗಾಗಿ ಎರಡು ಮೂರು ವಾರ ಕಾದರೆ ಗರ್ಭಕ್ಕೆ ಐದೂವರೆ ತಿಂಗಳಾಗಿರುತ್ತದೆ. ಶಿಶುವಿನ ಮಿಸುಕಾಟ ತಾಯಿಗೆ ತಿಳಿಯತೊಡಗಿರುತ್ತದೆ. ಆಗ ಯಾವ ತೀರ್ಮಾನವೂ ಸುಲಭವಲ್ಲ.

ರಕ್ತ ಕೊಡುವ ಮುಂಚೆ ಮಾಡಬೇಕಾದ ಮಾತು

ಉತ್ತರ ಬಂದ ಮೇಲೆ ನೋಡೋಣ ಎನ್ನುವ ದಂಪತಿಗಳೇ ಹೆಚ್ಚು. ಈ ಪರೀಕ್ಷೆಯ ವಿಷಯದಲ್ಲಿ ಕ್ರಮ ತಿರುಗಿರಬೇಕು. ಗಂಡಹೆಂಡಿರಿಬ್ಬರೂ ಕುಳಿತು, ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಖಚಿತವಾದರೆ ನಾವೇನು ಮಾಡುತ್ತೇವೆ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಿರಿ.

ಕೆಲವರು, ಅಂತಹ ಮಗುವನ್ನು ಸಾಕುವ ಶಕ್ತಿ ನಮಗಿಲ್ಲ, ನಾವು ಹೋದ ಮೇಲೆ ಅದನ್ನು ನೋಡುವವರಿಲ್ಲ, ಗರ್ಭವನ್ನು ಮುಂದುವರಿಸಲಾರೆವು ಎನ್ನುತ್ತಾರೆ. ಅವರಿಗೆ ಬೇಗನೆ ತಪಾಸಣೆ, ಸಂಭವ ಹೆಚ್ಚೆಂದು ಬಂದರೆ ಖಚಿತ ಪರೀಕ್ಷೆ, ಇದೇ ದಾರಿ. ಇನ್ನು ಕೆಲವರು ಗರ್ಭವನ್ನು ತೆಗೆಸುವುದಿಲ್ಲ, ಆದರೆ ಮುಂಚೆಯೇ ತಿಳಿದರೆ ಮನಸ್ಸನ್ನೂ ಮನೆಯನ್ನೂ ಸಿದ್ಧಪಡಿಸಿಕೊಳ್ಳಬಹುದು, ಮಕ್ಕಳ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಬಹುದು ಎನ್ನುತ್ತಾರೆ. ಇಂಥವರಿಗೂ ತಪಾಸಣೆ ಉಪಯುಕ್ತ; ಸೂಜಿಯ ಪರೀಕ್ಷೆ ಬೇಕೇ ಎಂಬುದನ್ನು ಮಾತ್ರ ಅವರು ಎರಡು ಸಲ ಯೋಚಿಸಬೇಕು. ಮತ್ತೆ ಕೆಲವರು, ಯಾವ ಮಗು ಬಂದರೂ ನಮ್ಮದೇ, ಐದಾರು ತಿಂಗಳು ಚಿಂತೆಯಲ್ಲಿ ಕಳೆಯುವುದು ಬೇಡ ಎನ್ನುತ್ತಾರೆ. ಅವರು ಪರೀಕ್ಷೆಯನ್ನೇ ಬಿಡಬಹುದು. ಈ ಮೂವರಲ್ಲಿ ಒಬ್ಬರು ಜಾಣರು, ಉಳಿದವರು ದಡ್ಡರು ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಏನನ್ನೂ ಯೋಚಿಸದೆ ರಕ್ತ ಕೊಟ್ಟು, ಕಾಗದ ಬಂದ ಮೇಲೆ ದಿಕ್ಕುತೋಚದೆ ನಿಲ್ಲುವುದು ಮಾತ್ರ ಈ ಮೂರಕ್ಕಿಂತಲೂ ಕಷ್ಟದ ದಾರಿ.

ಅತ್ತೆಮಾವಂದಿರು, ತವರಿನವರು ಸಲಹೆ ಕೊಡಲಿ. ಹಣ ಹೊಂದಿಸುವವರೂ ಮುಂದೆ ಮಗುವನ್ನು ಎತ್ತಿ ಆಡಿಸುವವರೂ ಅವರೇ ಆಗಿರುತ್ತಾರೆ. ಆದರೆ ಸೂಜಿ ಚುಚ್ಚಿಸಿಕೊಳ್ಳುವವಳು, ಹೊರುವವಳು, ಹೆರುವವಳು ಒಬ್ಬಳೇ. ಗಂಡನಾದವನು ಮೊದಲು ಆಕೆಯ ಮನಸ್ಸಿನಲ್ಲಿರುವುದನ್ನು ಕೇಳಬೇಕು. ಹಿರಿಯರ ಮುಂದೆ ಬಾಯಿಬಿಡಲು ಆಕೆ ಹಿಂಜರಿದರೆ ಏಕಾಂತದಲ್ಲಿ ಕೇಳಬೇಕು. ಪರೀಕ್ಷೆಗೆ ಹೋಗುವಾಗ ಆಕೆಯ ಜೊತೆಯಲ್ಲಿ ತಾನೇ ಹೋಗುವುದು ಉತ್ತಮ.

ರಕ್ತಪರೀಕ್ಷೆ ಬೇಡವೆಂದವರೂ ೧೮ರಿಂದ ೨೦ ವಾರಗಳ ನಡುವೆ ಶಿಶುವಿನ ಅಂಗಾಂಗಗಳನ್ನು ನೋಡುವ ಸ್ಕ್ಯಾನಿಂಗನ್ನು ಮಾಡಿಸುವುದು ಒಳ್ಳೆಯದು. ಬೆನ್ನುಹುರಿ, ಹೃದಯ, ಮೂತ್ರಪಿಂಡಗಳ ದೋಷಗಳು ಅದರಲ್ಲಿ ಬಹುಮಟ್ಟಿಗೆ ಕಾಣುತ್ತವೆ. ಫೋಲಿಕ್ ಆಮ್ಲದ ಮಾತ್ರೆ ಬೆನ್ನುಹುರಿಯ ದೋಷವನ್ನು ತಡೆಯಲು ನೆರವಾಗುತ್ತದೆ. ಡೌನ್ ಸಿಂಡ್ರೋಮನ್ನು ತಡೆಯುವ ಮಾತ್ರೆ ಯಾವುದೂ ಇಲ್ಲ, ಇದೆಯೆಂದು ಮಾರುವವರಿದ್ದರೆ ನಂಬಬೇಡಿರಿ.

ಕಾನೂನು ಏನು ಹೇಳುತ್ತದೆ?

೧೯೯೪ರ ಪ್ರಸವಪೂರ್ವ ಪರೀಕ್ಷಾ ಕಾಯಿದೆಯು ವರ್ಣತಂತುಗಳ ದೋಷ ಮೊದಲಾದವುಗಳ ಪತ್ತೆಗೆ ಇಂತಹ ಪರೀಕ್ಷೆಗಳನ್ನು ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ನಡೆಸಲು ಅವಕಾಶ ಕೊಡುತ್ತದೆ. ತಾಯಿಗೆ ೩೫ ವರ್ಷ ಮೀರಿರುವುದು, ಎರಡು ಅಥವಾ ಹೆಚ್ಚು ಸಲ ಗರ್ಭ ತಾನಾಗಿ ಇಳಿದುಹೋಗಿರುವುದು, ಮನೆತನದಲ್ಲಿ ಇಂತಹ ತೊಂದರೆ ಇರುವುದು ಕಾಯಿದೆಯಲ್ಲಿ ಹೇಳಿರುವ ಕಾರಣಗಳಲ್ಲಿ ಸೇರಿವೆ. ಸೂಜಿಯ ಪರೀಕ್ಷೆಗೆ ಮುಂಚೆ ಅದರ ಪರಿಣಾಮಗಳನ್ನೆಲ್ಲ ಗರ್ಭಿಣಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ, ಆಕೆಯ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೇ ಕೊಡತಕ್ಕದ್ದು. ಓದಲು ಬಾರದಿದ್ದರೆ ಓದಿಸಿ ಕೇಳಿರಿ. ಅರ್ಥವಾಗುವವರೆಗೆ ಹೆಬ್ಬೆಟ್ಟು ಒತ್ತಬೇಡಿರಿ. ಶಿಶು ಗಂಡೋ ಹೆಣ್ಣೋ ಎಂದು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ಡೌನ್ ಸಿಂಡ್ರೋಮ್ ಪರೀಕ್ಷೆಯ ನೆಪದಲ್ಲಿ ಅದನ್ನು ಕೇಳುವ ಗಂಡನೂ ನೆಂಟರೂ ಶಿಕ್ಷೆಗೆ ಗುರಿಯಾಗುತ್ತಾರೆ.

ಗರ್ಭಪಾತದ ವಿಷಯದಲ್ಲಿ ೧೯೭೧ರ ಕಾಯಿದೆಗೆ ೨೦೨೧ರಲ್ಲಿ ತಿದ್ದುಪಡಿ ಆಗಿದೆ. ೨೦ ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ೨೦ರಿಂದ ೨೪ ವಾರಗಳವರೆಗೆ, ಹುಟ್ಟುವ ಮಗು ಗಂಭೀರ ಅಂಗವಿಕಲತೆಗೆ ಒಳಗಾಗಬಹುದೆಂಬುದೂ ಸೇರಿದಂತೆ ನಿಯಮದಲ್ಲಿ ಹೇಳಿದ ಕಾರಣಗಳಿದ್ದರೆ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದರ ನಂತರ ಶಿಶುವಿನ ಗಣನೀಯ ದೋಷದ ಕಾರಣಕ್ಕೆ ಸರ್ಕಾರದ ವೈದ್ಯಕೀಯ ಮಂಡಳಿ ಒಪ್ಪಬೇಕು. ಅದು ಒಪ್ಪಿಯೇ ಒಪ್ಪುವುದೆಂದು ಮುಂಚಿತವಾಗಿ ಯಾರೂ ಹೇಳಲಾರರು. ೧೮ ವರ್ಷ ತುಂಬಿದ ಹೆಂಗಸಿನ ವಿಷಯದಲ್ಲಿ ಆಕೆಯೊಬ್ಬಳ ಒಪ್ಪಿಗೆಯೇ ಸಾಕು. ಗಂಡನ ಸಹಿ ಕಾನೂನಿಗೆ ಬೇಕಿಲ್ಲ. ಆಕೆ ಒಪ್ಪದೆ ಯಾರೂ ಗರ್ಭಪಾತ ಮಾಡಿಸುವಂತಿಲ್ಲ. ಆಕೆಯ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಮಾತ್ರೆ ಅಂಗಡಿಯಿಂದ ತಾವೇ ಮದ್ದು ತಂದು ನುಂಗುವುದು, ನಾಟಿ ಮದ್ದಿಗೆ ಹೋಗುವುದು ಪ್ರಾಣಕ್ಕೇ ಅಪಾಯ.

ಮಗು ಹುಟ್ಟಿದ ಮೇಲೆ

ಪರೀಕ್ಷೆ ಮಾಡಿಸದವರಿಗೂ, ಮಾಡಿಸಿ ಮುಂದುವರಿದವರಿಗೂ, ಜರಡಿಯಿಂದ ಜಾರಿಹೋದವರಿಗೂ ಡೌನ್ ಸಿಂಡ್ರೋಮಿನ ಮಗು ಹುಟ್ಟಬಹುದು. ಹುಟ್ಟಿದ ಕೂಡಲೇ ಎದೆಹಾಲು ಕೊಡಲು ಯತ್ನಿಸಬೇಕು. ನಾಲಿಗೆ ಮತ್ತು ತುಟಿಗಳ ಬಿಗಿ ಕಡಿಮೆಯಿರುವುದರಿಂದ ಮಗು ನಿಧಾನವಾಗಿ ಚೀಪುತ್ತದೆ, ತಾಳ್ಮೆ ಬೇಕು. ಮೊದಲ ದಿನಗಳಲ್ಲಿಯೇ ಹೃದಯದ ಸ್ಕ್ಯಾನಿಂಗ್ ಆಗಬೇಕು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮೂ ಸೇರಿದೆ. ಅಂಗನವಾಡಿಗೂ ಶಾಲೆಗೂ ಬರುವ ಅದರ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಿದರೆ ಮುಂದಿನ ಆಸ್ಪತ್ರೆಗೆ ಚೀಟಿ ದೊರೆಯುತ್ತದೆ. ಕೈಕಾಲುಗಳ ವ್ಯಾಯಾಮ, ಮಾತಿನ ತರಬೇತಿಗಳು ಎಷ್ಟು ಬೇಗ ಆರಂಭವಾದರೆ ಅಷ್ಟು ಲಾಭ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಮಗುವಿಗೆ ಗುರುತಿನ ಚೀಟಿ ಪಡೆಯಬಹುದು. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ನೆರವಿದೆ.

ಪರೀಕ್ಷೆಯ ವಿಷಯದಲ್ಲಿ ಇನ್ನೂ ಸಂದೇಹವಿರುವವರು ಪ್ರತಿ ತಿಂಗಳ ೯ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಗರ್ಭಿಣಿ ತಪಾಸಣೆಗೆ ಬರಬಹುದು. ತಾಯಿ ಕಾರ್ಡನ್ನೂ ಹಿಂದಿನ ಸ್ಕ್ಯಾನಿಂಗ್ ಕಾಗದಗಳನ್ನೂ ತನ್ನಿರಿ. ಕೊನೆಯ ಮುಟ್ಟಿನ ದಿನವನ್ನು ನೆನಪು ಮಾಡಿಕೊಂಡು ಬನ್ನಿರಿ. ಪರೀಕ್ಷೆ ಏಕೆ, ಎಷ್ಟು ಖರ್ಚು, ಉತ್ತರ ಎಂದು ಬರುತ್ತದೆ, ಸಂಭವ ಹೆಚ್ಚೆಂದು ಬಂದರೆ ಮುಂದಿನ ಹೆಜ್ಜೆಗೆ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕೋ ಇನ್ನೂ ದೂರಕ್ಕೋ, ಪರೀಕ್ಷೆ ಬೇಡವೆಂದರೆ ಉಳಿದ ತಪಾಸಣೆಗಳು ಹೇಗೆ ನಡೆಯುತ್ತವೆ ಎಂಬಿಷ್ಟನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಚೀಟಿಯನ್ನು ಪ್ರಯೋಗಾಲಯಕ್ಕೆ ಕೊಡಿರಿ.